ಕೇಳದೆ ಕೊಟ್ಟ ತೀರ್ಪು

ಕನ್ನಡ ಕಥೆಗಳಲ್ಲಿ ಬರೋ ಸಭ್ಯಸ್ಥರ ಪಟ್ಟಿ ಮಾಡಿದ್ರೆ 'ನಾನು ಕೊಂದ ಹುಡುಗಿ'ಯ ನಿರೂಪಕ ಮೊದಲ ಐವರಲ್ಲಿ ಒಬ್ಬನಾಗ್ತಾನೆ. ಓದಿದವನು, ಹಳೇ ದೇವಸ್ಥಾನಗಳ ಶಿಲ್ಪ ನೋಡ್ಕೊಂಡು ಊರೂರು ಅಲೆಯೋ ಹವ್ಯಾಸದವನು, ಯಾರ ತಂಟೆಗೂ ಹೋಗದವನು. ಹೀಗೇ ಒಂದು ಹಳ್ಳಿಗೆ ಹೋಗಿ ಅಲ್ಲಿನ ದೊಡ್ಡ ಮನೆಯೊಂದರಲ್ಲಿ ಉಳ್ಕೊಳ್ತಾನೆ. ಆ ಮನೆ ಮಗಳು ಚೆನ್ನಮ್ಮ ಬಂದ ಅತಿಥಿಯನ್ನ ಅಕ್ಕರೆಯಿಂದ ನೋಡ್ಕೊಳ್ತಾಳೆ. ರಾತ್ರಿ ಅವನ ಕೋಣೆಗೂ ಬರ್ತಾಳೆ. ಇವನು ಬೆಚ್ಚಿಬೀಳ್ತಾನೆ. ಕೇಳಿದಾಗ ಗೊತ್ತಾಗುತ್ತೆ, ಅವಳು ಹೆತ್ತವರ ಹರಕೆಗೆ ಬಸವಿ ಬಿಟ್ಟ ಹುಡುಗಿ. ಅವಳ ಪಾಲಿಗೆ ಇದು ದೇವರ ಸೇವೆ. ಇವನು ಅವಳನ್ನ ಬಳಸಿಕೊಳ್ಳಲ್ಲ, ಬೈಯೋದೂ ಇಲ್ಲ. ಇದು ತಪ್ಪು ಅಂತ ತಿಳಿಹೇಳ್ತಾನೆ. ಅವಳಿಗೆ ಅರ್ಥವಾಗುತ್ತೆ. ಬೆಳಗಾಗೋ ಹೊತ್ತಿಗೆ ಅವಳ ಹೆಣ ಬಾವಿಯಲ್ಲಿ.

ಬರೆದವರು 'ಆನಂದ', ಅಂದ್ರೆ ಅಜ್ಜಂಪುರ ಸೀತಾರಾಂ. ನವೋದಯ ಕಾಲದ ಕಥೆಗಾರ. ನಮ್ಮಲ್ಲಿ ಬಹಳ ಜನಕ್ಕೆ ಈ ಕಥೆ ಕಾಲೇಜಿನ ಪಠ್ಯವಾಗಿಯೋ ಯಾವುದೋ ಸಂಕಲನದಲ್ಲೋ ಸಿಕ್ಕಿರುತ್ತೆ. ಅನಿಷ್ಟ ಪದ್ಧತಿಯೊಂದನ್ನ ಬಯಲು ಮಾಡೋ ಕಥೆ ಅಂತ ನೋಟ್ಸ್ ಬರೆಸಿರ್ತಾರೆ. ತಪ್ಪೇನಿಲ್ಲ, ಹೌದು, ಅದೂ ಇದೆ. ಆದ್ರೆ ಇವತ್ತು ಓದಿದ್ರೆ ನನಗೆ ಇದು ನಿಷ್ಪಕ್ಷಪಾತದ ಬಗ್ಗೆ ಕನ್ನಡದಲ್ಲಿ ಬಂದಿರೋ ಅತಿ ಕಟುವಾದ ಕಥೆ ಅನ್ನಿಸುತ್ತೆ.

ಯಾಕೆ ಅಂತ ಹೇಳ್ತೀನಿ. ಆ ನಿರೂಪಕನನ್ನ ಯಾವ ಪರೀಕ್ಷೆಗೆ ಬೇಕಾದ್ರೂ ಒಡ್ಡಿ. ಆ ಊರಲ್ಲಿ ಅವನಿಗೆ ನೆಂಟರಿಲ್ಲ, ಜಮೀನಿಲ್ಲ, ಸಾಲ ಕೊಟ್ಟಿಲ್ಲ, ತಗೊಂಡಿಲ್ಲ. ಅಲ್ಲಿ ಯಾರು ಗೆದ್ರೂ ಯಾರು ಸೋತ್ರೂ ಅವನಿಗೆ ಲಾಭವಿಲ್ಲ. ನಮ್ಮ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ತುಂಬಿಸ್ಕೊಳ್ತಾರಲ್ಲ, ಹಿತಾಸಕ್ತಿ ಸಂಘರ್ಷ ಇಲ್ಲ ಅಂತ ಟಿಕ್ ಮಾಡೋ ಫಾರ್ಮು, ಅದನ್ನ ಇವನು ಕಣ್ಣುಮುಚ್ಚಿ ಸಹಿ ಮಾಡಬಹುದು. ಅಷ್ಟು ಮಾತ್ರಕ್ಕೆ ನಿಷ್ಪಕ್ಷಪಾತಿ ಅನ್ನೋದಾದ್ರೆ ಅವನಿಗಿಂತ ನಿಷ್ಪಕ್ಷಪಾತಿ ಇಲ್ಲ. ಆದ್ರೂ ಹುಡುಗಿ ಸತ್ತಳು.

ಕನ್ನಡದಲ್ಲಿ ನಾವು 'ತಟಸ್ಥ', 'ನಿಷ್ಪಕ್ಷಪಾತಿ' ಎರಡನ್ನೂ ಒಂದೇ ಅರ್ಥದಲ್ಲಿ ಬಳಸಿಬಿಡ್ತೀವಿ. ಎರಡೂ ಸಂಸ್ಕೃತದ ಪದಗಳೇ. ಬಿಡಿಸಿ ನೋಡಿದ್ರೆ ಬೇರೆಬೇರೆ. ತಟಸ್ಥ ಅಂದ್ರೆ ದಡದ ಮೇಲೆ ನಿಂತವನು. ನೀರಲ್ಲಿ ಮುಳುಗ್ತಿರೋದು ಯಾರು ಅನ್ನೋದು ಅವನಿಗೆ ಚೆನ್ನಾಗಿ ಕಾಣುತ್ತೆ, ಬಟ್ಟೆ ಮಾತ್ರ ಒದ್ದೆಯಾಗಲ್ಲ. ಪಕ್ಷಪಾತ ಅನ್ನೋದ್ರಲ್ಲಿ ಪಕ್ಷ ಅಂದ್ರೆ ಒಂದು ಬದಿ, ಪಾತ ಅಂದ್ರೆ ಬೀಳೋದು. ಒಂದು ಬದಿಗೆ ವಾಲಿ ಬೀಳದೆ ಇರೋನು ನಿಷ್ಪಕ್ಷಪಾತಿ. ಅವನು ದಡದಲ್ಲೇ ಇರಬೇಕು ಅಂತ ಆ ಪದದಲ್ಲಿ ಎಲ್ಲೂ ಇಲ್ಲ. ನೀರಿಗಿಳಿದೂ ವಾಲದೆ ಇರಬಹುದು. ಇನ್ನು ನಮ್ಮ ಮನೆಮಾತಿನ ಗಾದೆ, ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದಕ್ಕೆ ಸುಣ್ಣ ಅನ್ನೋದು, ಇನ್ನೂ ಸೊಗಸು. ಅಲ್ಲಿ ಎರಡು ಕಣ್ಣೂ ನಮ್ಮವೇ. ದೂರ ನಿಲ್ಲೋ ಪ್ರಶ್ನೆಯೇ ಬರಲ್ಲ.

ಆನಂದರ ನಿರೂಪಕ ತಟಸ್ಥ. ಆದ್ರೆ ಅವನ ಕೈಯಲ್ಲಿದ್ದ ಅಳತೆಗೋಲು ಅವನ ಊರಿಂದ ಬಂದದ್ದು. ಶೀಲ, ಪಾಪ, ಮಾನ ಅಂತ ಪಟ್ಟಣದ ಓದಿದ ಮನೆಗಳಲ್ಲಿ ಚಲಾವಣೆಯಲ್ಲಿದ್ದ ನಾಣ್ಯಗಳನ್ನ ಅವನು ಎಲ್ಲಾ ಕಡೆ ನಡೆಯುತ್ತೆ ಅಂತ ನಂಬಿದ್ದ. ಅದು ಅಳತೆಗೋಲು ಅಂತಲೇ ಅವನಿಗೆ ಗೊತ್ತಿರಲಿಲ್ಲ, ನಿಜ ಅಂದ್ರೇನೇ ಅದು ಅಂದ್ಕೊಂಡಿದ್ದ.

ಇಲ್ಲಿ ಒಂದು ಹಳ್ಳ ಇದೆ, ನೋಡ್ಕೊಂಡು ದಾಟಬೇಕು. ಅವನ ಅಳತೆಗೋಲು ಪಟ್ಟಣದ್ದು ಅಂದ ಮಾತ್ರಕ್ಕೆ ಬಸವಿ ಬಿಡೋದು ಸರಿ ಅಂತಾಗಲ್ಲ. ಅವರವರ ಸಂಸ್ಕೃತಿ ಅವರವರಿಗೆ ಅಂತ ಕೈ ತೊಳ್ಕೊಳ್ಳೋದು ತಟಸ್ಥನ ಇನ್ನೊಂದು ವೇಷ ಅಷ್ಟೆ. ಹೆಣ್ಣುಮಕ್ಕಳನ್ನ ಹೀಗೆ ದೇವರ ಹೆಸರಿಗೆ ಬಿಡೋದನ್ನ ನಿಷೇಧಿಸೋ ದೇವದಾಸಿ ಕಾನೂನು ಕರ್ನಾಟಕದಲ್ಲಿ 1982ರಲ್ಲಿ ಬಂತು. ಅದು ಬರಲೇಬೇಕಾಗಿತ್ತು. ನಿರೂಪಕನ ತೀರ್ಪು ಸರಿಯಾಗೇ ಇತ್ತು, ಕೆಟ್ಟದ್ದು ವಿಚಾರಣೆ. ಹರಕೆ ಹೊತ್ತವಳು ಚೆನ್ನಮ್ಮ ಅಲ್ಲ, ಅವಳ ಹೆತ್ತವರು. ಆದ್ರೆ ಮಾತು ಹೋಗಿ ತಗುಲಿದ್ದು ಚೆನ್ನಮ್ಮನಿಗೆ. ಇದು ಪಾಪ ಅಂತ ಗೊತ್ತಾದ ಮೇಲೆ ಅವಳು ಏನು ಮಾಡಬೇಕು, ಎಲ್ಲಿಗೆ ಹೋಗಬೇಕು, ನಾಳೆ ಅಪ್ಪ ಅಮ್ಮನ ಮುಖ ಹೇಗೆ ನೋಡಬೇಕು ಅನ್ನೋದನ್ನ ಅವನು ಕೇಳಲಿಲ್ಲ. ಒಂದೇ ರಾತ್ರಿಯಲ್ಲಿ ಅವಳ ಬದುಕಿನ ಅರ್ಥವನ್ನ ಕಿತ್ಕೊಂಡ, ಬದಲಿಗೆ ಏನೂ ಕೊಡಲಿಲ್ಲ.

ಬೆಂಗಳೂರಿನ ಹೆಸರಲ್ಲಿ ಜಗತ್ತಿನ ನ್ಯಾಯಾಧೀಶರೆಲ್ಲ ಉಲ್ಲೇಖಿಸೋ ದಾಖಲೆಯೊಂದಿದೆ ಅಂದ್ರೆ ಬೆಂಗಳೂರಲ್ಲಿರೋ ನಮ್ಮಲ್ಲೇ ಎಷ್ಟೋ ಜನಕ್ಕೆ ಆಶ್ಚರ್ಯ. ನ್ಯಾಯಾಂಗ ನಡತೆಯ ಬೆಂಗಳೂರು ತತ್ವಗಳು ಅಂತ. 2001ರಲ್ಲಿ ಇಲ್ಲಿ ನಡೆದ ಸಭೆಯಲ್ಲಿ ಕರಡು ತಯಾರಾಗಿ, 2002ರಲ್ಲಿ ಹೇಗ್ ನಗರದಲ್ಲಿ ಅಂತಿಮ ರೂಪ ಪಡ್ಕೊಂಡಿತು. ಅದರಲ್ಲಿರೋ ಆರು ಮೌಲ್ಯಗಳಲ್ಲಿ ಎರಡನೇದು ನಿಷ್ಪಕ್ಷಪಾತ. ಅದರ ವಿವರಣೆಯಲ್ಲಿ ಒಂದು ಸಣ್ಣ ಮಾತಿದೆ. ನಿಷ್ಪಕ್ಷಪಾತ ಅನ್ನೋದು ಕೊಟ್ಟ ತೀರ್ಪಿಗೆ ಮಾತ್ರ ಅಲ್ಲ, ಆ ತೀರ್ಪಿಗೆ ತಲುಪಿದ ದಾರಿಗೂ ಅನ್ವಯಿಸುತ್ತೆ ಅಂತ ಅದರ ತಾತ್ಪರ್ಯ. ಆನಂದರ ಕಥೆಗೆ ಇದಕ್ಕಿಂತ ಒಳ್ಳೇ ವಿಮರ್ಶೆ ನನಗೆ ಸಿಕ್ಕಿಲ್ಲ.

ಇದೇ ವಿಷಯಕ್ಕೆ ನಮ್ಮ ಸುಪ್ರೀಂ ಕೋರ್ಟಿನ ಹಳೇ ಪ್ರಕರಣವೊಂದಿದೆ, 1969ರ ಕ್ರೈಪಕ್ ಪ್ರಕರಣ. ಇಂಟರ್‌ವ್ಯೂ ಪ್ಯಾನಲ್ಲಲ್ಲಿ ಕೂತು ಅಭ್ಯಾಸ ಇರೋರು ಓದಲೇಬೇಕು. ಜಮ್ಮು ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಅಧಿಕಾರಿಗಳನ್ನ ಆರಿಸೋ ಮಂಡಳಿ. ಅದರ ಸದಸ್ಯರಲ್ಲಿ ಒಬ್ಬರು ಸ್ವತಃ ಅಭ್ಯರ್ಥಿ. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಕೂರಲಿಲ್ಲ. ಆದ್ರೆ ಅವರ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಒಳಗೇ ಇದ್ರು. ಕೊನೆಗೆ ಪಟ್ಟಿಯಲ್ಲಿ ಮೊದಲು ಬಂದದ್ದು ಅವರದೇ ಹೆಸರು. ಅವರು ನಿಜಕ್ಕೂ ಪಕ್ಷಪಾತ ಮಾಡಿದ್ರು ಅಂತ ಸಾಬೀತು ಮಾಡೋ ಅಗತ್ಯ ಇಲ್ಲ, ಅಂಥ ಸಂಭವ ಇದ್ರೆ ಸಾಕು ಅಂತ ಹೇಳಿ ಕೋರ್ಟು ಇಡೀ ಆಯ್ಕೆಯನ್ನ ರದ್ದು ಮಾಡ್ತು. ಮನಸ್ಸಿನ ಒಳಗೆ ಇಳಿದು ನೋಡೋ ಕೆಲಸವನ್ನ ಕಾನೂನು ಕೈಬಿಟ್ಟಿತು, ಕುರ್ಚಿ ಎಲ್ಲಿತ್ತು ಅನ್ನೋದನ್ನ ಮಾತ್ರ ನೋಡ್ತು. ಒಳ್ಳೇದೇ ಆಯ್ತು. ಉದ್ದೇಶ ಒಳ್ಳೇದಿತ್ತು ಅನ್ನೋ ವಾದ ಯಾರು ಬೇಕಾದ್ರೂ ಮಾಡಬಹುದು.

ಉದ್ದೇಶದ ಮಾತು ಬಂದಾಗ ಅಜ್ಜಂಪುರದ ಪಕ್ಕದ ತರೀಕೆರೆ ಸೀಮೆಗೆ ಹೋಗಲೇಬೇಕು. (ಅಜ್ಜಂಪುರ ಇತ್ತೀಚಿನವರೆಗೂ ತರೀಕೆರೆ ತಾಲ್ಲೂಕಿನದೇ ಭಾಗ. ಬೀರೂರು ಜಂಕ್ಷನ್ನಿನಲ್ಲಿ ಒಂದು ಹಳಿ ಶಿವಮೊಗ್ಗದ ಕಡೆ ತಿರುಗಿ ತರೀಕೆರೆಗೆ ಹೋದ್ರೆ ಇನ್ನೊಂದು ಚಿಕ್ಕಜಾಜೂರಿನ ಕಡೆಗೆ ಹೊರಟು ಅಜ್ಜಂಪುರಕ್ಕೆ ಹೋಗುತ್ತೆ. ವೀಕೆಂಡಿಗೆ ಚಿಕ್ಕಮಗಳೂರು ಅಂದ್ರೆ ನಾವೆಲ್ಲ ಕಾಫಿ ತೋಟ, ಹೋಂಸ್ಟೇ, ಮುಳ್ಳಯ್ಯನಗಿರಿ ಅಷ್ಟೇ ಅಂದ್ಕೊಂಡಿರ್ತೀವಿ. ಕಡೂರಿನ ತೆಂಗು, ರಾಗಿ ಹೊಲಗಳ ಬಯಲುಸೀಮೆ ಕಾರಿನ ಕಿಟಕಿಯಲ್ಲಿ ಹಾದುಹೋಗೋ ಬಿಸಿಲು ಮಾತ್ರ. 1947ರವರೆಗೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಅಂತ ಹೆಸರಿತ್ತು ಅನ್ನೋದು ಯಾವ ಹೋಂಸ್ಟೇ ಬೋರ್ಡಿನಲ್ಲೂ ಇಲ್ಲ.) ತರೀಕೆರೆ ಹತ್ರದ ಅಮೃತಾಪುರದಲ್ಲಿ ಹೊಯ್ಸಳ ಎರಡನೇ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಸ್ಥಾನವಿದೆ. ಅಲ್ಲಿನ ಶಾಸನವನ್ನ ರಚಿಸಿದವನು ಕವಿ ಜನ್ನ. ಜನ್ನ ಜೈನ, ದೇವಸ್ಥಾನ ಶಿವನದು. ನಾವು ಇದನ್ನ ಸೌಹಾರ್ದದ ಉದಾಹರಣೆ ಅಂತ ಭಾಷಣಕ್ಕೆ ಬಳಸಿಬಿಡ್ತೀವಿ. ನನಗೆ ಅಷ್ಟು ದೊಡ್ಡ ಮಾತು ಬೇಡ ಅನ್ನಿಸುತ್ತೆ. ಅವನು ಆಸ್ಥಾನದ ಕವಿ, ಕೆಲಸ ಬಂತು, ಮಾಡಿದ. ಇನ್ನೊಬ್ಬರ ದೇವರ ಕೆಲಸ ಅಂತ ಕಳಪೆ ಮಾಡಲಿಲ್ಲ. ಅಷ್ಟೇ ಸಾಕು, ಅದೇ ಕಷ್ಟದ್ದು.

ಇದೇ ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'ಯ ಕಥೆ ಕೇಳಿರ್ತೀರಿ. ಕೋಳಿಯನ್ನ ಬಲಿ ಕೊಡೋಕೆ ಮನಸ್ಸಾಗದೆ ಹಿಟ್ಟಿನ ಕೋಳಿ ಮಾಡಿ ಕಡೀತಾರೆ. ಒಂದು ಜೀವವೂ ಹೋಗಲ್ಲ. ಆದ್ರೂ ಕೊಲ್ಲೋ ಸಂಕಲ್ಪ ಇತ್ತಲ್ಲ, ಅದಕ್ಕೇ ಜನ್ಮಜನ್ಮ ಒದ್ದಾಡಬೇಕಾಗುತ್ತೆ. ಆನಂದರ ಕಥೆ ಇದರ ಪೂರಾ ಉಲ್ಟಾ. ಕೊಲ್ಲೋ ಸಂಕಲ್ಪದ ಲವಲೇಶವೂ ಇಲ್ಲ, ಜೀವ ಮಾತ್ರ ಹೋಯ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಪೂರ್ವಗ್ರಹ ಅನ್ನೋದು ಉದ್ದೇಶದಲ್ಲಿರುತ್ತಾ, ಪರಿಣಾಮದಲ್ಲಿರುತ್ತಾ ಅಂತ ಇವತ್ತಿನ ಎಚ್‌ಆರ್ ತರಬೇತಿಗಳಲ್ಲಿ ಎರಡು ಗಂಟೆ ಸ್ಲೈಡು ಹಾಕಿ ಕೇಳೋ ಪ್ರಶ್ನೆಗೆ ನಮ್ಮಲ್ಲಿ ಏಳುನೂರು ವರ್ಷದ ಅಂತರದಲ್ಲಿ ಎರಡು ಉತ್ತರಗಳಿವೆ. ಜನ್ನನ ಉತ್ತರ ನಮ್ಮ ಒಳಗನ್ನ ಕೆದಕುತ್ತೆ, ಆನಂದರದ್ದು ನಮ್ಮ ಕೈಯನ್ನ ನೋಡ್ಕೋ ಅನ್ನುತ್ತೆ. ನನ್ನ ಒಲವು ಎರಡನೇದಕ್ಕೆ.

ಈಗ ಕಡೂರು. ಕಡೂರು ತಾಲ್ಲೂಕಿನ ದೇವನೂರು 'ಜೈಮಿನಿ ಭಾರತ'ದ ಕವಿ ಲಕ್ಷ್ಮೀಶನ ಊರು. ಮೂವತ್ನಾಲ್ಕು ಸಂಧಿ, ವಾರ್ಧಕ ಷಟ್ಪದಿ, ಯುದ್ಧ ಮುಗಿದ ಮೇಲಿನ ಅಶ್ವಮೇಧದ ಕಥೆ. ಅರ್ಜುನನನ್ನ ಮಗ ಬಭ್ರುವಾಹನನೇ ಎದುರಿಸೋ ಪ್ರಸಂಗ ಬಂದಾಗ, ಹಿಂದೆ ರಾಮನಿಗೂ ಅವನ ಮಕ್ಕಳಿಗೂ ಯುದ್ಧ ಆಗಿತ್ತಲ್ಲ ಅನ್ನೋ ನೆಪದಲ್ಲಿ ಸೀತಾ ಪರಿತ್ಯಾಗ ಒಳಗೆ ಬರುತ್ತೆ. ಇಡೀ ಕಾವ್ಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸೋ ಭಾಗ ಅದು. ಯಾಕಂದ್ರೆ ರಾಮ ಅಲ್ಲಿ ಮಾಡೋದು ಒಂದು ಆಡಳಿತಾತ್ಮಕ ನಿರ್ಧಾರ.

ಅಗಸನೊಬ್ಬ ತನ್ನ ಮನೆ ಜಗಳದಲ್ಲಿ ಏನೋ ಅಂದ ಅನ್ನೋ ಸುದ್ದಿ ಅರಮನೆಗೆ ಬರುತ್ತೆ. ರಾಮ ಅದನ್ನ ಲೋಕದ ಅಭಿಪ್ರಾಯ ಅಂತ ತಗೊಳ್ತಾನೆ. (ಡೇಟಾ ಸೈನ್ಸಿನ ಗೆಳೆಯರು ಗಮನಿಸಬೇಕು, ಸ್ಯಾಂಪಲ್ ಸೈಜ್ ಒಂದು.) ಅರಸನಿಗೆ ತನ್ನವರು, ಪರರು ಅಂತ ಇರಬಾರದು, ಹೆಂಡತಿ ಅಂತ ರಿಯಾಯ್ತಿ ಕೊಡಬಾರದು ಅನ್ನೋದು ಅವನ ನಿಲುವು. ಇದು ನಮ್ಮ ದೇಶದಲ್ಲಿ ಸಾವಿರಾರು ವರ್ಷ ನಿಷ್ಪಕ್ಷಪಾತದ ಮೇರುಶಿಖರ ಅಂತ ಹೊಗಳಿಸಿಕೊಂಡ ನಿರ್ಧಾರ. ಹಾಗಾದ್ರೆ ಸೀತೆಯನ್ನ ಕೇಳಿದ್ದು ಯಾರು? ಯಾರೂ ಇಲ್ಲ. ಬಸುರಿಯ ಬಯಕೆ ಅಂತ ಆಶ್ರಮ ನೋಡೋಕೆ ಹೊರಟಿದೀನಿ ಅಂದ್ಕೊಂಡೇ ಅವಳು ರಥ ಹತ್ತುತ್ತಾಳೆ. ಆರೋಪ ಏನು ಅನ್ನೋದು ಆರೋಪಿಗೆ ಗೊತ್ತಾಗೋದು ಶಿಕ್ಷೆ ಜಾರಿಯಾದ ಮೇಲೆ, ಕಾಡಿನಲ್ಲಿ, ಲಕ್ಷ್ಮಣನ ಬಾಯಿಂದ. ಆ ಅಗಸನನ್ನಾದ್ರೂ ಕರೆಸಿ, ನೀನು ಅಂದದ್ದು ಏನು, ಯಾಕೆ ಅಂದೆ ಅಂತ ಕೇಳಬಹುದಿತ್ತು. ಅದೂ ಇಲ್ಲ. ಮನೆಯೊಳಗಿನ ಸಿಟ್ಟಿನ ಒಂದು ಮಾತು ರಾಜ್ಯದ ಸಾಕ್ಷಿಯಾಗುತ್ತೆ ಅಂತ ಆ ಬಡಪಾಯಿಗೆ ಕನಸಲ್ಲೂ ಹೊಳೆದಿರಲಿಕ್ಕಿಲ್ಲ.

ಲಕ್ಷ್ಮೀಶ ಜಾಣ. ರಾಮನನ್ನ ಅವನು ಎಲ್ಲೂ ಬಾಯಿಬಿಟ್ಟು ಖಂಡಿಸಲ್ಲ, ಅವನು ಭಕ್ತ. ಆದ್ರೆ ಕಾಡಿನಲ್ಲಿ ಒಬ್ಬಳೇ ಬಿದ್ದ ಸೀತೆಯ ಸುತ್ತ ಹಕ್ಕಿಗಳು, ಪ್ರಾಣಿಗಳು ಬಂದು ನೆರಳು ಮಾಡೋದನ್ನ, ಉಪಚರಿಸೋದನ್ನ ಎಷ್ಟು ಮುದ್ದಾಗಿ ಬರೀತಾನೆ ಅಂದ್ರೆ ಓದುಗನ ತೀರ್ಪು ಅಲ್ಲೇ ಆಗಿಹೋಗುತ್ತೆ. ನವಿಲಿಗೆ, ಜಿಂಕೆಗೆ ವಿಚಾರಣೆ ನಡೆಸೋ ಅಧಿಕಾರ ಇಲ್ಲ, ಅವು ತಟಸ್ಥವೂ ಅಲ್ಲ. ಗಮಕದಲ್ಲಿ ಈ ಭಾಗ ಹಾಡುವಾಗ ಕೇಳಿದವರಿಗೆ ಗೊತ್ತು, ಸಭೆಯಲ್ಲಿ ಯಾರೂ ಅಯೋಧ್ಯೆಯ ಕಡೆ ಇರಲ್ಲ.

ತನ್ನವರಿಗೆ ಹೆಚ್ಚು ಕಟುವಾಗಿರೋದನ್ನ ನಿಷ್ಪಕ್ಷಪಾತ ಅಂದ್ಕೊಳ್ಳೋದು ನಮ್ಮ ಆಫೀಸುಗಳಲ್ಲೂ ಧಾರಾಳ. ಅಪ್ರೈಸಲ್ ಟೈಮಲ್ಲಿ ತನ್ನ ಊರಿನ ಹುಡುಗನಿಗೆ, ತನ್ನ ಹಳೇ ಟೀಮಿನ ಹುಡುಗಿಗೆ ಬೇಕಂತಲೇ ಒಂದು ಅಂಕ ಕಮ್ಮಿ ಕೊಟ್ಟು, ನೋಡಿ ನಾನು ಯಾರ ಮುಲಾಜಿಗೂ ಬೀಳಲ್ಲ ಅಂತ ಎದೆ ಸೆಟೆಸೋ ಮ್ಯಾನೇಜರುಗಳನ್ನ ನೀವೂ ನೋಡಿರ್ತೀರಿ. ಕನ್ನಡದ ಹುಡುಗರಿಗೆ ಕನ್ನಡದ ಲೀಡು ಕೆಲಸ ಕಲಿಸೋಕೂ ಹಿಂಜರಿಯೋದು ಇದೇ ಭಯಕ್ಕೆ. ಆ ಒಂದು ಅಂಕ ಕೆಲಸಕ್ಕೆ ಸಿಕ್ಕ ಅಂಕವಲ್ಲ, ಮ್ಯಾನೇಜರಿನ ಇಮೇಜಿಗೆ ಕಟ್ಟಿದ ತೆರಿಗೆ. ಕಟ್ಟಿದವನು ಮಾತ್ರ ಬೇರೆಯವನು.

ಲಕ್ಷ್ಮೀಶನ ಕಾವ್ಯ ಹೀಗೆ, ಇನ್ನು ಅವನ ಮೇಲೆ ನಡೆದ ಚರ್ಚೆಗಳ ಕಥೆ ಬೇರೆ. ಕಾವ್ಯದಲ್ಲಿ ಬರೋದು ದೇವಪುರ ಅನ್ನೋ ಹೆಸರು. ಅದು ದೇವನೂರೇ ಅಂತ ಬಹುಪಾಲು ವಿದ್ವಾಂಸರು. ಇಲ್ಲ, ಸುರ ಅಂದ್ರೂ ದೇವರೇ ತಾನೆ, ಹಾಗಾಗಿ ಅದು ಸುರಪುರ ಅಂತ ವಾದಿಸಿದವರೂ ಉಂಟು. ಕಾಲ ಹದಿನಾರನೇ ಶತಮಾನವೋ ಹದಿನೇಳೋ ಅಂತ ಜಗಳ. ಮತದ್ದು ಇನ್ನೂ ದೊಡ್ಡ ಜಗಳ. ವಿಷ್ಣುವನ್ನ ಹೊಗಳಿದಾನೆ, ಹಾಗಾಗಿ ಶ್ರೀವೈಷ್ಣವ ಅಂತ ಒಂದು ಕಡೆ. ಶಿವನನ್ನೂ ಹೊಗಳಿದಾನೆ, ಹಾಗಾಗಿ ಅದ್ವೈತಿ ಅಂತ ಇನ್ನೊಂದು ಕಡೆ. ವಾದ ಮಾಡಿದವರಲ್ಲಿ ದೊಡ್ಡ ವಿದ್ವಾಂಸರಿದ್ರು, ಅವರ ಶ್ರಮಕ್ಕೆ ಕೈ ಮುಗೀಬೇಕು. ಆದ್ರೆ ಕವಿಯ ಹಣೆಯ ಮೇಲಿನ ನಾಮವೋ ವಿಭೂತಿಯೋ ಅನ್ನೋದು ತೀರ್ಮಾನವಾದ್ರೆ ಸೀತೆಯ ಪದ್ಯಗಳಿಗೆ ಏನು ಹೆಚ್ಚಾಗುತ್ತೆ, ಏನು ಕಮ್ಮಿಯಾಗುತ್ತೆ? ಕವಿ ನಮ್ಮವನು ಅಂತಾಗಬೇಕು ಅನ್ನೋ ಆಸೆ ಇಲ್ಲದೆ ಇಷ್ಟು ಶಾಯಿ ಖರ್ಚಾಗಲ್ಲ. ಇದು ಪಕ್ಷಪಾತವೇ. ಮಜಾ ಅಂದ್ರೆ ಈ ಪಕ್ಷಪಾತದಿಂದಲೇ ಎಷ್ಟೋ ಶಾಸನ, ಎಷ್ಟೋ ಓಲೆಗರಿ ಹುಡುಕಿ ಓದಿಸಿಕೊಂಡಿವೆ. ತನ್ನ ಕಡೆ ಗೆಲ್ಲಲಿ ಅಂತ ಹುಡುಕಿದವನು ಎದುರು ಕಡೆಗೂ ಸಾಮಾನು ಒದಗಿಸಿಬಿಟ್ಟಿರ್ತಾನೆ.

ಇನ್ನೊಂದು ಚಾಳಿ ಲಕ್ಷ್ಮೀಶನನ್ನ ಕುಮಾರವ್ಯಾಸನ ಪಕ್ಕ ನಿಲ್ಲಿಸಿ ಎತ್ತರ ಅಳೆಯೋದು. ಇಬ್ಬರಿಗೂ ಒಂದೇ ಅಳತೆಗೋಲು ಹಿಡಿದೆ, ನೋಡಿ ಎಷ್ಟು ನ್ಯಾಯವಂತ ನಾನು ಅಂತ ವಿಮರ್ಶಕ ಹೇಳಬಹುದು. ಆದ್ರೆ ಆ ಕೋಲು ಕುಮಾರವ್ಯಾಸನನ್ನ ಅಳೆಯೋಕೆ ಅಂತಲೇ ಮಾಡಿದ್ದು. ರಭಸ, ನಾಟಕೀಯತೆ, ಆಡುಮಾತಿನ ಕಸುವು ಅದರ ಗುರುತುಗಳು. ನಾದಕ್ಕೆ, ಉಪಮೆಗೆ, ಯುದ್ಧ ಮುಗಿದ ಮೇಲಿನ ಬಳಲಿಕೆಗೆ ಅದರಲ್ಲಿ ಗೆರೆಯೇ ಇಲ್ಲ. 'ಉಪಮಾಲೋಲ' ಅನ್ನೋ ಬಿರುದನ್ನೇ ಬೈಗುಳದ ಹಾಗೆ ಬಳಸೋದನ್ನ ಕೇಳಿದೀನಿ. ಎಲ್ಲರಿಗೂ ಒಂದೇ ಅಳತೆ ಅನ್ನೋದು ಎಷ್ಟೋ ಸಲ, ಎಲ್ಲರಿಗೂ ನಮ್ಮವನ ಅಳತೆ ಅನ್ನೋದರ ಸಭ್ಯ ರೂಪ.

ಹಾಗಾದ್ರೆ ಹೆಸರು ಮುಚ್ಚಿ ಓದೋಣ ಅಂತೀರಾ? ಅದನ್ನೂ ಮಾಡಿ ನೋಡಿದಾರೆ. ಐ.ಎ. ರಿಚರ್ಡ್ಸ್ ಕೇಂಬ್ರಿಡ್ಜಿನ ವಿದ್ಯಾರ್ಥಿಗಳಿಗೆ ಕವಿಯ ಹೆಸರಿಲ್ಲದೆ ಪದ್ಯಗಳನ್ನ ಕೊಟ್ಟು ಅಭಿಪ್ರಾಯ ಬರೆಸಿದ, 1929ರಲ್ಲಿ ಆ ಪ್ರಯೋಗವನ್ನೇ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಅಂತ ಪುಸ್ತಕ ಮಾಡಿದ. ಹೆಸರು ಹೋಯ್ತು, ಪೂರ್ವಗ್ರಹ ಹೋಗಲಿಲ್ಲ. ದೊಡ್ಡವರ ಪದ್ಯಗಳನ್ನ ತೆಗೆದುಹಾಕಿ ಸಾಧಾರಣ ಪದ್ಯಗಳನ್ನ ಎತ್ತಿಹಿಡಿದವರು ಬೇಕಾದಷ್ಟು ಜನ. ಹೆಸರಿನ ಜಾಗದಲ್ಲಿ ಸಿದ್ಧ ಭಾವನೆಗಳು, ಕೇಳಿ ಕೇಳಿ ರೂಢಿಯಾದ ಮೆಚ್ಚುಗೆಗಳು ಬಂದು ಕೂತಿದ್ವು. ನಮ್ಮ ಕಾಲದಲ್ಲಿ ಅಮೆಜಾನ್ ಕಂಪನಿ ರೆಸ್ಯುಮೆ ಆರಿಸೋಕೆ ತಂತ್ರಾಂಶ ಮಾಡಿಸಿತ್ತು. ಅದು ಹಳೇ ಅರ್ಜಿಗಳಿಂದ ಪಾಠ ಕಲಿತು, ಹೆಂಗಸರದ್ದು ಅಂತ ಸುಳಿವು ಕೊಡೋ ಪದಗಳಿದ್ರೆ ಅಂಕ ಕಳೀತಿತ್ತು ಅಂತ 2018ರಲ್ಲಿ ಸುದ್ದಿಯಾಯ್ತು. ಯಂತ್ರಕ್ಕೆ ಜಾತಿ ಇಲ್ಲ, ಊರಿಲ್ಲ, ಭಾವ ಮೈದುನ ಇಲ್ಲ. ಆನಂದರ ನಿರೂಪಕನಷ್ಟೇ ತಟಸ್ಥ. ಅದೂ ಅವನ ಹಾಗೆ ತನ್ನ ಅಳತೆಗೋಲು ಎಲ್ಲಿಂದ ಬಂತು ಅಂತ ಕೇಳ್ಕೊಳ್ಳಲಿಲ್ಲ.

ಹಾಗಂತ ಎಲ್ಲರೂ ಪಕ್ಷಪಾತಿಗಳೇ, ಬಿಡಿ ಅಂತ ಕೈಚೆಲ್ಲೋರನ್ನ ಕಂಡ್ರೆ ನನಗೆ ಇನ್ನೂ ರೇಗುತ್ತೆ. ಇದು ಈಗಿನ ಫ್ಯಾಷನ್ನು. ಪೇಪರು ಓದಿದ್ರೆ ಅದು ಯಾವ ಪಕ್ಷದ್ದು ಅಂತ ಕೇಳ್ತೀವಿ, ಏನು ಬರೆದಿದಾರೆ ಅಂತ ಕೇಳಲ್ಲ. ಬರೆದವನ ಸರ್‌ನೇಮು ಗೊತ್ತಾದ ತಕ್ಷಣ ಲೇಖನ ಓದಿ ಮುಗಿಸಿದ ಹಾಗೆ. ತರೀಕೆರೆಯ ಹೆಸರನ್ನೇ ತಮ್ಮ ಹೆಸರಿಗೆ ಇಟ್ಟುಕೊಂಡಿರೋ ವಿಮರ್ಶಕ ರಹಮತ್ ತರೀಕೆರೆ ಅವರಿಗೆ ಆಗಿದ್ದು ಇದೇ. ಅವರ ವಿಮರ್ಶಾ ಲೇಖನಗಳ ಪುಸ್ತಕ 'ಕತ್ತಿಯಂಚಿನ ದಾರಿ'ಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರ ಆಗಸ್ಟಿನಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಕೊಲೆ ಆದ ಮೇಲೆ ಪ್ರಶಸ್ತಿ ವಾಪಸ್ ಮಾಡಿದ ಲೇಖಕರಲ್ಲಿ ಅವರೂ ಒಬ್ಬರು. ವಾಪಸ್ ಮಾಡಿದವರ ಮೇಲೆ ಆಗ ಬಂದ ಟೀಕೆ ನೆನಪಿರಬಹುದು. ಸಾಹಿತಿ ಅಂದ್ಮೇಲೆ ತಟಸ್ಥ ಆಗಿರಬೇಕು, ಪಕ್ಷ ವಹಿಸಬಾರದು ಅಂತ. ಸಂಶೋಧಕರೊಬ್ಬರನ್ನ ಅವರ ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದಾಗ ದಡದಲ್ಲಿ ನಿಲ್ಲೋದೇ ಸಾಹಿತಿಯ ಕರ್ತವ್ಯ ಅನ್ನೋ ವಾದ ನನಗೆ ಆಗಲೂ ಅರ್ಥ ಆಗಿರಲಿಲ್ಲ, ಈಗಲೂ ಆಗಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ಹೀಗೆ ನಿಲುವು ಸ್ಪಷ್ಟವಾಗಿರೋ ಮನುಷ್ಯ ವಿಮರ್ಶೆ ಬರೆದಾಗ, ಸಂಶೋಧನೆ ಮಾಡಿದಾಗ ಅದು ವಾಲುತ್ತಾ?

ನನ್ನ ಓದಿನ ಮಟ್ಟಿಗೆ ಹೇಳ್ತೀನಿ. ಅವರು ಕರ್ನಾಟಕದ ಸೂಫಿಗಳ ಬಗ್ಗೆ, ನಾಥಪಂಥದ ಬಗ್ಗೆ, ಶಾಕ್ತರ ಬಗ್ಗೆ, ಮೊಹರಂ ಬಗ್ಗೆ ಬರೆದಿದಾರೆ. ಕೂತಲ್ಲೇ ಕೂತು ಬರೆದದ್ದಲ್ಲ, ದರ್ಗಾ, ಮಠ, ಗುಡ್ಡ ಸುತ್ತಿ ಬರೆದದ್ದು. ಮುಸ್ಲಿಂ ಹೆಸರಿನ ಲೇಖಕ ಸೂಫಿಗಳ ಬಗ್ಗೆ ಬರೆದ್ರೆ ತನ್ನವರ ಬಗ್ಗೆ ಬರೆದ ಅಂತಾರೆ, ನಾಥರ ಬಗ್ಗೆ ಬರೆದ್ರೆ ನಿನಗ್ಯಾಕೆ ಅಂತಾರೆ. ಎರಡೂ ಕಡೆ ಅವರ ಕೆಲಸದ ರೀತಿ ಒಂದೇ: ಅಲ್ಲಿರೋರ ಬಾಯಿಂದ ಕೇಳೋದು. ಬಾಬಾಬುಡನಗಿರಿಯಂಥ ಜಾಗ ದಶಕಗಟ್ಟಲೆ ಕೋರ್ಟಿನಲ್ಲಿರೋ ಜಿಲ್ಲೆಯಿಂದ ಬಂದವರಿಗೆ ಇದು ಸಣ್ಣ ಕೆಲಸ ಅಲ್ಲ.

ನನ್ನ ತಕರಾರೂ ಇದೆ. ಕೂಡಿ ಬಾಳಿದ ನೆಲೆಗಳು ಕಂಡಾಗ ಅವರ ಗದ್ಯ ಬೆಚ್ಚಗಾಗುತ್ತೆ, ನಿಧಾನವಾಗುತ್ತೆ. ಅದೇ ನೆಲೆಗಳ ಒಳಗಿನ ಮೇಲುಕೀಳು, ಜಗಳ, ದುಡ್ಡಿನ ಲೆಕ್ಕ ಬಂದ ಕಡೆ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು ಅಂತ ಕೆಲವು ಸಲ ಅನ್ನಿಸಿದೆ. ಇದನ್ನ ಒಲವು ಅಂತ ಕರೀರಿ, ಪಕ್ಷಪಾತ ಅಂತಲೇ ಬೇಕಾದ್ರೂ ಕರೀರಿ. ಆದ್ರೆ ಹೀಗೆ ತಕರಾರು ತೆಗೆಯೋಕೆ ನನಗೆ ಬೇಕಾದ ವಿವರಗಳು ಸಿಕ್ಕಿದ್ದು ಅವರದೇ ಪುಟಗಳಲ್ಲಿ. ಊರಿನ ಹೆಸರಿದೆ, ಯಾವ ಪಂಥ ಅಂತಿದೆ, ಯಾರು ಏನು ನಂಬ್ತಾರೆ ಅಂತಿದೆ. ಅವರ ಒಲವನ್ನ ಒಪ್ಪದೋನೂ ಅದೇ ಊರಿಗೆ ಬಸ್ಸು ಹತ್ತಿ ಹೋಗಿ ಬೇರೆ ಮಾತು ಕೇಳ್ಕೊಂಡು ಬರಬಹುದು.

ಈ ಸೌಲಭ್ಯ 'ನಾನು ಕೊಂದ ಹುಡುಗಿ'ಯಲ್ಲಿ ಇಲ್ಲ, ಮತ್ತೆ ಆನಂದರು ಬೇಕಂತಲೇ ಹಾಗೆ ಬರೆದಿದಾರೆ ಅಂತ ನನ್ನ ಗುಮಾನಿ. ಅಲ್ಲಿ ಎಲ್ಲಾ ಮಾತೂ ಅವನ ಬಾಯಿಂದಲೇ ಬರಬೇಕು. ಶೀರ್ಷಿಕೆಯನ್ನೇ ನೋಡಿ, ಮೊದಲ ಪದ 'ನಾನು', ಹುಡುಗಿಗೆ ಹೆಸರೂ ಇಲ್ಲ. ಪಶ್ಚಾತ್ತಾಪದಲ್ಲೂ ಕರ್ತೃ ಅವನೇ. ಚೆನ್ನಮ್ಮ ಯಾಕೆ ಬಾವಿಗೆ ಹೋದಳು? ನಾಚಿಕೆಗಾ, ಅಪ್ಪನ ಮೇಲಿನ ಸಿಟ್ಟಿಗಾ, ನಾಳೆ ಬರೋ ಇನ್ನೊಬ್ಬ ಅತಿಥಿಯ ಭಯಕ್ಕಾ? ಕೊಂದವನು ನಾನೇ ಅಂತ ಅವನು ಅಷ್ಟು ಖಚಿತವಾಗಿ ಹೇಳಿಬಿಟ್ರೆ ಅವಳ ಕಾರಣಕ್ಕೆ ಜಾಗ ಎಲ್ಲಿ ಉಳೀತು? ಮುಂದಿನ ಸಲ ಓದುವಾಗ ಅವಳು ಆಡಿದ ಮಾತುಗಳಿಗೆ ಮಾತ್ರ ಪೆನ್ಸಿಲ್ಲಿನಲ್ಲಿ ಗೆರೆ ಹಾಕ್ತಾ ಹೋಗಿ. ಹೆಚ್ಚು ಹೊತ್ತು ಹಿಡಿಯಲ್ಲ.